‘ಇಲ್ಲ’ ಎಂದ ಮೇಲೆ ಒಂದು ಮಾತು

ವಿಷು ಕಳೆದು ಮೂರು ನಾಲ್ಕು ದಿನಗಳಾಗಿದ್ದವು. ಪೆನ್ನಿನ ಕಡ್ಡಿ ಕೊಳ್ಳಲೆಂದು ಪೇಟೆಯ ಒಂದು ಅಂಗಡಿಗೆ ಹೋಗಿದ್ದೆ. ಪುಸ್ತಕ, ಪೆನ್ನು, ಬಳೆ, ಆಟದ ಸಾಮಾನು ಎಲ್ಲವೂ ಸಿಗುವ ಅಂಗಡಿ. ನನ್ನ ಪಕ್ಕದಲ್ಲಿ ಅಜ್ಜಿಯ ಸೆರಗು ಹಿಡಿದುಕೊಂಡು ಆರೇಳು ವರ್ಷದ ಹುಡುಗಿಯೊಬ್ಬಳು ನಿಂತಿದ್ದಳು. ಕೈಯಲ್ಲೊಂದು ಪುಟ್ಟ ಪ್ಲಾಸ್ಟಿಕ್ ಚೀಲ. ಅದರ ತುಂಬ ಕೈನೀಟ್ಟಂ ಹಣ. ಅಜ್ಜ, ಮಾವ, ನೆರೆಮನೆಯ ಮಲಯಾಳಿ ಅಮ್ಮ ವಿಷುವಿನ ಬೆಳಿಗ್ಗೆ ಕೈಗಿಟ್ಟ ಹೊಸ ನೋಟು, ಹೊಳೆಯುವ ನಾಣ್ಯಗಳು.

ಅವಳು ಕಪಾಟಿನ ಕಡೆಗೆ ಬೆರಳು ತೋರಿಸಿ ಇಪ್ಪತ್ತನಾಲ್ಕು ಬಣ್ಣದ ಪೆನ್ನುಗಳ ಪೆಟ್ಟಿಗೆಯೊಂದನ್ನು ಕೇಳಿದಳು. ಬೆಲೆ 120 ರೂಪಾಯಿ. ಚೀಲದ ಹಣವನ್ನೆಲ್ಲ ಗಾಜಿನ ಮೇಜಿನ ಮೇಲೆ ಸುರಿದಳು. ಕೆಲಸದ ಯುವಕ ಎಣಿಸಿದ. 85 ರೂಪಾಯಿ ಇತ್ತು. ‘ಪೋರಾ’ ಎಂದು ಮಲಯಾಳದಲ್ಲಿ ಒಂದೇ ಮಾತು ಹೇಳಿ, ಹಣವನ್ನು ಅಂಗೈಯಿಂದ ಅವಳ ಕಡೆಗೆ ತಳ್ಳಿ, ನನ್ನತ್ತ ತಿರುಗಿ ‘ಏನು ಬೇಕು?’ ಎಂದ. ಹಿಂದೆ ನಿಂತಿದ್ದ ಗಿರಾಕಿಯೊಬ್ಬರು ‘ಕೊಟ್ಟುಬಿಡು, ಉಳಿದದ್ದನ್ನು ಮುಂದಿನ ವಿಷುವಿಗೆ ಕೊಡುತ್ತಾಳೆ’ ಎಂದು ತಮಾಷೆ ಮಾಡಿದರು. ನಾಲ್ಕು ಜನ ನಕ್ಕರು.

ಹುಡುಗಿ ಅಳಲಿಲ್ಲ. ನಾಣ್ಯಗಳನ್ನು ಒಂದೊಂದಾಗಿ ಹೆಕ್ಕಿ ಚೀಲಕ್ಕೆ ಹಾಕಿಕೊಂಡಳು. ಮೆಟ್ಟಲಿಳಿಯುವಾಗ ಅವಳು ಅಜ್ಜಿಯೊಡನೆ ಕೇಳಿದ್ದು ನನ್ನ ಕಿವಿಗೆ ಬಿತ್ತು: ‘ಅಜ್ಜೀ, ನನ್ನ ದುಡ್ಡು ನಡೆಯುವುದಿಲ್ಲವಾ?’

ಮಕ್ಕಳಿಗೆ ಪಾಠ ಹೇಳಿ ಸಂಬಳ ಪಡೆಯುವ ನಾನೂ ಕಡ್ಡಿ ಕೊಂಡು ಸುಮ್ಮನೆ ಹೊರಬಂದೆ. ಆ ಮಾತು ಮಾತ್ರ ಇಂದಿಗೂ ಮನಸ್ಸನ್ನು ಕೊರೆಯುತ್ತಿದೆ. ಆ ದಿನ ಆಡಬೇಕಾಗಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಯವರು ಆ ಪೆಟ್ಟಿಗೆಯನ್ನು ಧರ್ಮಕ್ಕೆ ಕೊಡಬೇಕಾಗಿತ್ತೆಂದು ನನ್ನ ವಾದವಲ್ಲ. ಮೂವತ್ತೈದು ರೂಪಾಯಿ ಕಡಿಮೆಯಿದ್ದರೆ ಕಡಿಮೆಯೇ. ವ್ಯಾಪಾರಿಗೆ ಬಾಡಿಗೆಯಿದೆ, ಬಡ್ಡಿಯಿದೆ, ಕೆಲಸದವರ ಸಂಬಳವಿದೆ. ಬಯಸಿದ್ದೆಲ್ಲ ಕೈಗೆ ಸಿಗುವುದಿಲ್ಲವೆಂಬುದನ್ನು ಮಕ್ಕಳೂ ಒಂದಲ್ಲ ಒಂದು ದಿನ ತಿಳಿಯಲೇಬೇಕು. ಮಗುವಿನ ನಿರಾಶೆಯನ್ನು ಪೂರ್ತಿ ತಪ್ಪಿಸಲು ಯಾವ ಅಂಗಡಿಯಿಂದಲೂ ಆಗದು. ಆದರೆ ನಿರಾಶೆಯ ಜೊತೆಗೆ ಅವಮಾನವನ್ನೂ ಪೊಟ್ಟಣ ಕಟ್ಟಿ ಕೊಡಬೇಕೇ?

ಎರಡು ಭಾಷೆಗೂ ಒಂದೇ ಮಾತು

ನಮ್ಮ ಕಾಸರಗೋಡಿನ ಪೇಟೆಗಳಲ್ಲಿ ಒಂದು ವಿಶೇಷವನ್ನು ಗಮನಿಸಬಹುದು. ಕನ್ನಡದ ‘ಇಲ್ಲ’ ಮಲಯಾಳದಲ್ಲೂ ‘ಇಲ್ಲ’ವೇ. ಕನ್ನಡದ ‘ನಾಳೆ’ ಮಲಯಾಳದಲ್ಲೂ ‘ನಾಳೆ’ಯೇ. ಆದುದರಿಂದ ಅಂಗಡಿಯವರು ಯಾವ ಭಾಷೆಯಲ್ಲಿ ‘ಇಲ್ಲ’ ಎಂದರೂ ನಮ್ಮ ಮಗುವಿಗೆ ಅದು ತಕ್ಷಣ ಅರ್ಥವಾಗುತ್ತದೆ. ಯಾಕೆ ಇಲ್ಲ, ಎಷ್ಟು ಕಡಿಮೆ, ಬದಲಿಗೆ ಏನಿದೆ, ಯಾವಾಗ ಬಂದರೆ ಸಿಗುತ್ತದೆ ಎಂಬ ಮುಂದಿನ ಮಾತುಗಳೇ ಅರ್ಥವಾಗದೆ ಉಳಿಯುತ್ತವೆ, ಇಲ್ಲವೇ ಯಾರೂ ಹೇಳುವುದೇ ಇಲ್ಲ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುವ ಮಗುವಿಗೆ ‘ಪೋರಾ’ ಎಂದರೆ ‘ಸಾಲದು’ ಎಂದು ಹೊಳೆಯಲಿಲ್ಲ. ತನ್ನ ಹಣದಲ್ಲೇ ಏನೋ ದೋಷವಿದೆಯೆಂದು ಅದು ತಿಳಿಯಿತು. ಭಾಷೆ ಬಾರದಿದ್ದುದು ಯಾರ ತಪ್ಪೂ ಅಲ್ಲ. ಬೆರಳು ಮಡಚಿ ಲೆಕ್ಕ ತೋರಿಸಲು ಭಾಷೆಯೂ ಬೇಕಾಗಿರಲಿಲ್ಲ.

ಮೇಜಿನ ಆಚೆ ಬದಿಯಿಂದ

ದೊಡ್ಡವರಾದ ನಮಗೆ ಅಂಗಡಿಯೆಂದರೆ ಸಾಮಾನು ತರುವ ಜಾಗ. ಮಗುವಿಗೆ ಹಾಗಲ್ಲ. ಅಪ್ಪ ಅಮ್ಮ, ಮಾಷ್ಟ್ರು ಟೀಚರನ್ನು ಬಿಟ್ಟು ಹೊರಗಿನ ದೊಡ್ಡವರೊಡನೆ ತಾನೇ ವ್ಯವಹಾರ ನಡೆಸುವ ಮೊದಲನೆಯ ಸ್ಥಳ ಅದು. ಪಂಚಾಯತ್ ಕಚೇರಿ, ಬೇಂಕು, ಆಸ್ಪತ್ರೆಗಳ ಮೇಜಿನ ಮುಂದೆ ನಿಂತು ಮಾತಾಡುವ ಧೈರ್ಯವನ್ನು ಮಗು ಮೊದಲು ಕಲಿಯುವುದು, ಅಥವಾ ಕಳೆದುಕೊಳ್ಳುವುದು, ಅಂಗಡಿಯ ಮೇಜಿನ ಮುಂದೆಯೇ.

ಪ್ರಾಯದವರಿಗೆ 85 ರೂಪಾಯಿಯೆಂದರೆ ಒಂದು ಹೊತ್ತಿನ ಚಹಾ ತಿಂಡಿಯ ಖರ್ಚು. ಆ ಹುಡುಗಿಗೆ ಅದು ಇಡೀ ವಿಷುವಿನ ಸಂಪಾದನೆ. ಮಲಗುವ ಮುನ್ನ ಎಣಿಸಿ, ಎದ್ದ ಮೇಲೆ ಎಣಿಸಿ, ಯಾವ ಬಣ್ಣದಲ್ಲಿ ಏನು ಬರೆಯಬೇಕೆಂಬುದನ್ನೂ ಯೋಚಿಸಿಕೊಂಡು ತಂದದ್ದು. ಅದನ್ನು ಅಂಗೈಯಿಂದ ತಳ್ಳಿದರೆ ಮಗುವನ್ನೇ ತಳ್ಳಿದಂತಾಗುತ್ತದೆ.

ಹೇಗೆ ಹೇಳಬಹುದಿತ್ತು?

ಆ ಯುವಕನಿಗೆ ಬೇಕಾಗಿದ್ದುದು ಒಂದು ನಿಮಿಷ. ಮೊದಲನೆಯದಾಗಿ, ಅಜ್ಜಿಯ ಮುಖವನ್ನೋ ಮುಂದಿನ ಗಿರಾಕಿಯ ಮುಖವನ್ನೋ ನೋಡುವ ಬದಲು ಹುಡುಗಿಯ ಮುಖ ನೋಡಿ ಹೇಳಬೇಕಿತ್ತು. ಕೇಳಿದವಳು ಅವಳು, ಉತ್ತರವೂ ಅವಳಿಗೆ ಸಲ್ಲಬೇಕು. ಎರಡನೆಯದಾಗಿ, ‘ಇದು ನೂರ ಇಪ್ಪತ್ತರದ್ದು ಮಗಾ, ನಿನ್ನ ಕೈಯಲ್ಲಿ ಎಂಬತ್ತೈದು ಉಂಟು, ಇನ್ನು ಮೂವತ್ತೈದು ಬೇಕು’ ಎಂದು ಲೆಕ್ಕವನ್ನು ಬಿಡಿಸಿ ಹೇಳಬೇಕಿತ್ತು. ಕಾರಣ ತಿಳಿದ ನಿರಾಶೆಯನ್ನು ಮಗು ತಾಳಿಕೊಳ್ಳುತ್ತದೆ. ಕಾರಣ ತಿಳಿಯದಿದ್ದರೆ ತನ್ನಲ್ಲೇ ತಪ್ಪು ಹುಡುಕುತ್ತದೆ.

ಮೂರನೆಯದಾಗಿ, ಇದ್ದ ಹಣಕ್ಕೆ ಏನು ಸಿಗುತ್ತದೆಂದು ತೋರಿಸಬಹುದಿತ್ತು. ಅದೇ ಕಪಾಟಿನಲ್ಲಿ ಹನ್ನೆರಡು ಬಣ್ಣದ ಪೆಟ್ಟಿಗೆಯೂ ಇತ್ತು, ನಾನೇ ನೋಡಿದ್ದೇನೆ. ಬೇಕೋ ಬೇಡವೋ ಎಂದು ಅವಳು ತೀರ್ಮಾನಿಸುತ್ತಿದ್ದಳು. ‘ಬೇಡ, ಕೂಡಿಟ್ಟು ದೊಡ್ಡದನ್ನೇ ಕೊಳ್ಳುತ್ತೇನೆ’ ಎಂದು ಹೊರಟಿದ್ದರೂ ಅದು ಸೋಲಾಗುತ್ತಿರಲಿಲ್ಲ. ಕೊನೆಯದಾಗಿ, ಹಣವನ್ನು ಎತ್ತಿ ಅವಳ ಕೈಗೇ ಕೊಡಬೇಕಿತ್ತು. ನಗುವವರ ಜೊತೆ ಸೇರದೆ, ‘ಸಣ್ಣ ಮಗು ಸ್ವಾಮೀ’ ಎಂದು ಒಂದು ಮಾತು ಹೇಳಿದ್ದರೆ ಆ ನಗುವೂ ನಿಲ್ಲುತ್ತಿತ್ತು.

‘ನಾಳೆ ಬಾ’

ಕೆಲವರು ಮಗುವನ್ನು ಸಾಗಹಾಕಲು ‘ನಾಳೆ ಬಾ’ ಎನ್ನುತ್ತಾರೆ. ನಾಳೆಯೂ ಬಾರದ ಸಾಮಾನೆಂದು ಅವರಿಗೆ ಗೊತ್ತಿರುತ್ತದೆ. ಮಗು ಮರೆಯುತ್ತದೆಂಬ ಲೆಕ್ಕಾಚಾರ. ಮಗು ಮರೆಯುವುದಿಲ್ಲ.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಮೂರರಿಂದ ಐದು ವರ್ಷದ 28 ಮಕ್ಕಳನ್ನು ಎರಡು ಗುಂಪು ಮಾಡಿದರು. ಚಿತ್ರ ಬಿಡಿಸಲು ಹಳೆಯ ಬಣ್ಣದ ಕಡ್ಡಿಗಳನ್ನು ಮುಂದಿಟ್ಟು, ‘ಸ್ವಲ್ಪ ಕಾದರೆ ಇದಕ್ಕಿಂತ ಒಳ್ಳೆಯದನ್ನು ತರುತ್ತೇವೆ’ ಎಂದರು. ಒಂದು ಗುಂಪಿಗೆ ಮಾತಿನಂತೆ ತಂದುಕೊಟ್ಟರು. ಇನ್ನೊಂದು ಗುಂಪಿಗೆ ಬರಿಗೈಯಲ್ಲಿ ಬಂದು ‘ಇಲ್ಲ’ ಎಂದರು. ಆಮೇಲೆ ಪ್ರತಿ ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ‘ತಿನ್ನದೆ ಕಾದರೆ ಎರಡು ಸಿಗುತ್ತದೆ’ ಎಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡ ಮಕ್ಕಳು ಕಾದದ್ದು ಸರಾಸರಿ 3 ನಿಮಿಷ ಮಾತ್ರ!

‘ಈಗಿನ ಮಕ್ಕಳಿಗೆ ತಾಳ್ಮೆಯಿಲ್ಲ’ ಎಂದು ನಾವೆಲ್ಲ ದೂರುತ್ತೇವೆ. ಕಾದರೆ ಸಿಗುತ್ತದೆಂದು ಅನುಭವದಿಂದ ಕಂಡ ಮಗು ಕಾಯುತ್ತದೆ. ಆದುದರಿಂದ ಬರುವ ದಿನ ಗೊತ್ತಿದ್ದರೆ ದಿನ ಹೇಳಿ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನಿ. ಸುಳ್ಳು ‘ನಾಳೆ’ಗಿಂತ ನೇರವಾದ ‘ಇಲ್ಲ’ವೇ ಮೇಲು.

ಅಳುವ ಮಗು, ನಾಚುವ ತಾಯಿ

ಇನ್ನೊಂದು ದೃಶ್ಯ ಎಲ್ಲರೂ ಕಂಡದ್ದೇ. ಮಗು ಆಟದ ಕಾರು ಬೇಕೆಂದು ಹಟ ಹಿಡಿದು ಅಳುತ್ತದೆ. ತಾಯಿಯ ಕೈಯಲ್ಲಿ ಅಕ್ಕಿಗೆ, ಎಣ್ಣೆಗೆ ಎಣಿಸಿ ತಂದ ಹಣ. ಅಂಗಡಿಯ ಹುಡುಗ ಕಾರಿಗೆ ಕೀಲಿ ಕೊಟ್ಟು ಓಡಿಸಿ ತೋರಿಸುತ್ತಾನೆ, ಮಗುವಿನ ಕೈಯಲ್ಲೇ ಇಡುತ್ತಾನೆ. ‘ಕೊಡಿಸಿ ಅಕ್ಕಾ, ಪಾಪ ಅಳುತ್ತಿದೆ’ ಎನ್ನುತ್ತಾನೆ. ಮಗುವಿನ ಕಣ್ಣೀರನ್ನು ದಲ್ಲಾಳಿ ಮಾಡಿಕೊಳ್ಳುವ ಈ ವ್ಯಾಪಾರ ಒಳ್ಳೆಯದಲ್ಲ. ತಾಯಿ ‘ಬೇಡ’ ಎಂದ ಮೇಲೆ ಅಂಗಡಿಯವರು ಅವಳ ಪಕ್ಷ ವಹಿಸಬೇಕು. ಸಾಮಾನನ್ನು ಮೆಲ್ಲನೆ ಕಣ್ಮರೆ ಮಾಡಿದರೆ ಅರ್ಧ ಅಳು ಅಲ್ಲಿಗೇ ನಿಲ್ಲುತ್ತದೆ.

ಹಾಗೆಂದು ‘ಪೋಲೀಸರು ಬರುತ್ತಾರೆ’, ‘ಇಲ್ಲೇ ಕಟ್ಟಿಹಾಕುತ್ತೇನೆ’ ಎಂದು ಹೆದರಿಸುವುದೂ ಸಲ್ಲದು. ಬಾಯಿ ಮುಚ್ಚಿಸಲು ಪುಕ್ಕಟೆ ಮಿಠಾಯಿ ಕೊಡುವುದಾದರೂ ತಾಯಿಯನ್ನು ಕೇಳಿಯೇ ಕೊಡಬೇಕು. ಅತ್ತರೆ ಸಿಗುತ್ತದೆಂಬ ಪಾಠವನ್ನು ಮಗು ಬೇಗ ಕಲಿತುಬಿಡುತ್ತದೆ.

ಕೊಡಬಾರದ ಸಾಮಾನು, ನಡೆಯುವ ನಾಣ್ಯ

‘ಇಲ್ಲ’ ಎನ್ನುವುದು ಕರ್ತವ್ಯವೇ ಆಗುವ ಸಂದರ್ಭವೂ ಉಂಟು. ಅಜ್ಜನಿಗೆ ಬೀಡಿ ತರಲು ಮಗುವನ್ನು ಕಳುಹಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಪೂರ್ತಿ ಹೋಗಿಲ್ಲ. 2003ರ ಕಾನೂನಿನ ಪ್ರಕಾರ 18 ವರ್ಷ ತುಂಬದವರಿಗೆ ಹೊಗೆಸೊಪ್ಪಿನ ಯಾವ ಸಾಮಾನನ್ನೂ ಮಾರುವಂತಿಲ್ಲ. ಶಾಲೆಯಿಂದ 100 ಗಜದೊಳಗೆ ಯಾರಿಗೂ ಮಾರುವಂತಿಲ್ಲ. ಆದರೆ ಬೈದು ಅಟ್ಟಿದರೆ ಮಗುವಿಗೆ ಏನು ತಿಳಿಯಬೇಕು? ‘ನಿನ್ನದೇನೂ ತಪ್ಪಿಲ್ಲ, ಇದನ್ನು ಮಕ್ಕಳ ಕೈಗೆ ಕೊಡಬಾರದೆಂದು ಕಾನೂನು ಉಂಟು, ಅಜ್ಜನೊಡನೆ ಹಾಗೆ ಹೇಳು’ ಎಂದರೆ ಮಗು ತಲೆಯೆತ್ತಿಕೊಂಡು ಹೋಗುತ್ತದೆ.

ಇನ್ನು ನಾಣ್ಯದ ವಿಚಾರ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ಹತ್ತು ರೂಪಾಯಿಯ ನಾಣ್ಯ ಹಾಗಲ್ಲ. ಅದುವರೆಗೆ ಹೊರಬಂದ ಹದಿನಾಲ್ಕು ವಿನ್ಯಾಸದ ನಾಣ್ಯಗಳೂ ಊರ್ಜಿತವೆಂದು ರಿಸರ್ವ್ ಬೇಂಕು 2018ರಲ್ಲಿಯೇ ಸ್ಪಷ್ಟಪಡಿಸಿದೆ. ಆದರೂ ಮಕ್ಕಳು ತಂದ ನಾಣ್ಯವನ್ನು ‘ಇದು ನಡೆಯುವುದಿಲ್ಲ’ ಎಂದು ಹಿಂದಿರುಗಿಸುವವರಿದ್ದಾರೆ. ಚಿಲ್ಲರೆಯಿಲ್ಲವೆಂದು ಮಿಠಾಯಿ ಕೊಟ್ಟು ಕಳುಹಿಸುವವರೂ ಇದ್ದಾರೆ. ಮನೆಯಲ್ಲಿ ಲೆಕ್ಕ ಒಪ್ಪಿಸಬೇಕಾದುದು ಮಗು. ‘ಉಳಿದ ದುಡ್ಡು ಎಲ್ಲಿ? ಮಿಠಾಯಿ ತಿಂದೆಯಾ?’ ಎಂದು ಪೆಟ್ಟು ತಿನ್ನುವುದೂ ಅದೇ. ದೊಡ್ಡವರೊಡನೆ ಮಾಡಲು ಹಿಂಜರಿಯುವ ವ್ಯವಹಾರವನ್ನು ಮಕ್ಕಳೊಡನೆಯೂ ಮಾಡಬಾರದು.

ನೌಕರರ ಕಷ್ಟ

ಅಂಗಡಿಯ ನೌಕರರನ್ನು ಮಾತ್ರ ದೂರಿದರೆ ಅನ್ಯಾಯವಾದೀತು. ಬೆಳಗಿನಿಂದ ರಾತ್ರಿಯವರೆಗೆ ನಿಂತೇ ದುಡಿಯುವವರು ಅವರು. ನಡುವೆ ಕುಳಿತುಕೊಳ್ಳುವುದಕ್ಕೂ ಹೋರಾಡಬೇಕಾಯಿತು. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಮಹಿಳಾ ನೌಕರರು ವರ್ಷಗಟ್ಟಲೆ ಹೋರಾಡಿದ ಬಳಿಕ, 2018ರಲ್ಲಿ ಕೇರಳವು ಅಂಗಡಿಗಳ ಕಾನೂನನ್ನು ತಿದ್ದಿ ಕುಳಿತುಕೊಳ್ಳುವ ಅವಕಾಶವನ್ನು ಹಕ್ಕಾಗಿಸಿತು. ಕಾಲು ನೋಯುತ್ತಿರುವವನಿಂದ, ಧಣಿಯ ಬೈಗುಳ ತಿಂದವನಿಂದ ಮಕ್ಕಳ ಬಗ್ಗೆ ಸಹನೆಯನ್ನು ನಿರೀಕ್ಷಿಸುವುದು ಕಷ್ಟ. ಆದುದರಿಂದ ಈ ಮಾತು ಮುಖ್ಯವಾಗಿ ಧಣಿಗಳಿಗೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಮಗುವಿನೊಡನೆ ಹೇಗೆ ಮಾತಾಡುತ್ತಾರೋ ಕೆಲಸದವರೂ ಹಾಗೆಯೇ ಮಾತಾಡುತ್ತಾರೆ. ಒಂದು ಮಗುವಿಗಾಗಿ ಒಂದು ನಿಮಿಷ ಹೆಚ್ಚು ಕಳೆದ ನೌಕರನನ್ನು ಗದರದಿದ್ದರೆ ಅದೇ ದೊಡ್ಡ ತರಬೇತಿ.

ಒಂದು ಹಳೆಯ ನೆನಪು

ಹೀಗೆ ನಡೆದುಕೊಳ್ಳಲು ಸಾಧ್ಯವೇ ಎಂದು ಕೇಳುವವರಿಗೆ ನನ್ನ ಬಾಲ್ಯದ ಒಂದು ಅನುಭವವೇ ಉತ್ತರ. ಕೋಟ್ಟಯಂನ ಮಂಗಳಂ ಸಂಸ್ಥೆ ಹೊರತರುತ್ತಿದ್ದ, ಆಮೇಲೆ ನಿಂತುಹೋದ ಕನ್ನಡದ ‘ಬಾಲಮಂಗಳ’ಕ್ಕಾಗಿ ನಾನು ಬಸ್ ನಿಲ್ದಾಣದ ಪೇಪರ್ ಅಂಗಡಿಗೆ ಹೋಗುತ್ತಿದ್ದೆ. ಮಲಯಾಳದ ಮಕ್ಕಳ ಪತ್ರಿಕೆಗಳು ಸಾಲಾಗಿ ತೂಗುತ್ತಿದ್ದವು. ಕನ್ನಡದ್ದು ಬರುತ್ತಿದ್ದುದು ನಾಲ್ಕೋ ಐದೋ ಪ್ರತಿ. ಡಿಂಗನ ಕತೆ ಓದಲು ಓಡೋಡಿ ಹೋದರೆ ಎಷ್ಟೋ ಸಲ ಮುಗಿದಿರುತ್ತಿತ್ತು.

ಅಂಗಡಿಯ ಹಿರಿಯರು ಮಲಯಾಳಿ. ಅವರ ಕನ್ನಡ ಅಷ್ಟಕ್ಕಷ್ಟೆ. ಒಮ್ಮೆ ನನ್ನ ಮುಖ ನೋಡಿ, ‘ಇಲ್ಲ ಮೋನೇ, ಮುಗಿಯಿತು. ಬರುವ ಸಲದ್ದು ಬುಧವಾರ ಬರ್ತದೆ. ನಿನಗೆ ಒಂದು ಎತ್ತಿ ಇಡ್ತೇನೆ’ ಎಂದರು. ಬುಧವಾರ ಹೋದಾಗ ದಿನಪತ್ರಿಕೆಗಳ ಕಟ್ಟಿನ ಅಡಿಯಿಂದ ತೆಗೆದು ಕೊಟ್ಟರು. ಆಮೇಲೆ ಅದೇ ವಾಡಿಕೆಯಾಯಿತು.

ಒಂದು ಬುಧವಾರ ಮಾತ್ರ ಕಟ್ಟು ಬಂದಿರಲಿಲ್ಲ. ಜಡಿಮಳೆಯಲ್ಲಿ ಕೊಡೆ ಹಿಡಿದು ಬರುತ್ತಿದ್ದ ನನ್ನನ್ನು ದೂರದಿಂದಲೇ ಕಂಡು, ಅವರು ಅಂಗಡಿಯಿಂದ ಕೆಳಗಿಳಿದು ಬಂದರು. ‘ಬಂದಿಲ್ಲ ಮೋನೇ. ನಾನು ಹೇಳಿದ್ದು ತಪ್ಪಿತು’ ಎಂದರು. ಹತ್ತು ವರ್ಷದ ಹುಡುಗನೊಡನೆ ಅಜ್ಜನ ಪ್ರಾಯದವರು ಹೇಳಿದ ಮಾತು ಅದು. ಅಂದು ಬರಿಗೈಯಲ್ಲಿ ಮನೆಗೆ ನಡೆದೆ. ದುಃಖವಾಯಿತೆಂಬ ನೆನಪಿಲ್ಲ. ಪತ್ರಿಕೆಯ ಎಷ್ಟೋ ಕತೆಗಳು ಮರೆತುಹೋಗಿವೆ, ಆ ಮಾತು ಮರೆತಿಲ್ಲ.

ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವಾಗ ಕೊಡೆಗೆ, ಚೀಲಕ್ಕೆ, ಬಣ್ಣದ ಪೆಟ್ಟಿಗೆಗೆ ಮಕ್ಕಳು ಮತ್ತೆ ಅಂಗಡಿಗಳ ಮೆಟ್ಟಲೇರುತ್ತಾರೆ. ಕೇಳಿದ್ದೆಲ್ಲ ಎಲ್ಲರಿಗೂ ಸಿಗಲಾರದು. ‘ಇಲ್ಲ’ ಎಂದ ಮೇಲೆ ಇನ್ನೊಂದು ಮಾತು ಹೇಳಲು ವರ್ತಕ ಬಂಧುಗಳಿಗೆ ಖರ್ಚೇನೂ ಇಲ್ಲ. ತನ್ನ ದುಡ್ಡು ನಡೆಯುವುದಿಲ್ಲವೇ ಎಂದು ಯಾವ ಮಗುವೂ ಮೆಟ್ಟಲಿಳಿಯುತ್ತ ಕೇಳುವಂತಾಗದಿರಲಿ.