ಕಿಡ್ನಿ ಸೋಂಕು ರಕ್ತಕ್ಕೆ ಸೇರಿದರೆ?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ಸಂಘದ ಸಭೆಗಳಲ್ಲಿ ಉರಿಮೂತ್ರದ ಮಾತು ಬಂದರೆ ತಲೆ ತಗ್ಗಿಸುವವರೇ ಹೆಚ್ಚು. "ಉಷ್ಣ ಆಗೈತಿ, ಎಳನೀರು ಕುಡಿದ್ರೆ ಹೋಗ್ತೈತಿ ಬಿಡ್ರಿ" ಅಂತ ಸುಮ್ಮನಾಗುತ್ತೇವೆ. ಆದರೆ ಆ ಸೋಂಕು ಮೇಲೇರಿ ಕಿಡ್ನಿ ಮುಟ್ಟಿದರೆ ಚಳಿಜ್ವರ, ಪಕ್ಕೆನೋವು, ವಾಂತಿ ಶುರುವಾಗುತ್ತವೆ. ಕೆಲವರಲ್ಲಿ ರೋಗಾಣು ರಕ್ತಕ್ಕೂ ಸೇರುತ್ತದೆ. ಆಗ ಜೀವಕ್ಕೇ ಅಪಾಯ.

ರಕ್ತಕ್ಕೆ ಸೇರಿದೆಯೇ ಎಂದು ಖಚಿತಪಡಿಸುವುದು ರಕ್ತದ ಕಲ್ಚರ್ ಪರೀಕ್ಷೆ. ಪ್ರಯೋಗಾಲಯದಲ್ಲಿ ರೋಗಾಣು ಬೆಳೆಯಬೇಕಾದ್ದರಿಂದ ಫಲಿತಾಂಶಕ್ಕೆ ಸಾಮಾನ್ಯವಾಗಿ 1ರಿಂದ 3 ದಿನ ಬೇಕು. ಅಷ್ಟರೊಳಗೆ ಸುಳಿವು ಕೊಡುವ ಪರೀಕ್ಷೆಗಳೂ ಇವೆ. ಸೋಂಕು ಜೋರಾದಾಗ ರಕ್ತದಲ್ಲಿ ಸಿ.ಆರ್.ಪಿ., ಪ್ರೊಕ್ಯಾಲ್ಸಿಟೋನಿನ್ ಎಂಬ ಅಂಶಗಳು ಏರುತ್ತವೆ. ಪ್ರೊಕ್ಯಾಲ್ಸಿಟೋನಿನ್ ಕೆಲವೇ ತಾಸುಗಳಲ್ಲಿ ಏರುವುದರಿಂದ ಅದರ ಸುಳಿವು ಹೆಚ್ಚು ಉಪಯುಕ್ತ. ಹೊಗೆ ಕಂಡರೆ ಬೆಂಕಿ ಇರಬಹುದು ಅಂತೀವಲ್ಲ, ಹಾಗೆಯೇ ಇದು. ಆದರೆ ಸುಳಿವು ಸುಳಿವೇ. ಅಂಕಿ ಕಡಿಮೆ ಬಂತೆಂದು ಮೈಮರೆಯುವಂತಿಲ್ಲ. ರೋಗಿಯ ಸ್ಥಿತಿ ನೋಡಿ ವೈದ್ಯರೇ ತೀರ್ಮಾನಿಸಬೇಕು.

ನಾವು ಮಾಡಬೇಕಾದ್ದು ಇಷ್ಟು:

* ಉರಿಮೂತ್ರದ ಜೊತೆ ಚಳಿಜ್ವರ, ಪಕ್ಕೆನೋವು ಇದ್ದರೆ ಅಂದೇ ಆಸ್ಪತ್ರೆಗೆ ಹೋಗೋಣ.
* ಮನೆಯಲ್ಲಿ ಉಳಿದ ಮಾತ್ರೆ ನುಂಗುವುದು ಬೇಡ. ಹಾಗೆ ನುಂಗಿದರೆ ಕಲ್ಚರಿನಲ್ಲಿ ರೋಗಾಣು ಕಾಣದೇ ಹೋಗಬಹುದು.
* ಗರ್ಭಿಣಿಯರು, ಸಕ್ಕರೆ ಕಾಯಿಲೆ ಇರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.
* ಉಸಿರಾಟ ಜೋರಾದರೆ, ಮಾತು ತಡವರಿಸಿದರೆ, ಮಂಪರು ಕವಿದರೆ ಕೂಡಲೇ 108ಕ್ಕೆ ಕರೆ ಮಾಡಿ.

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಮಾತನ್ನೂ ಆಡೋಣ. ನಾಚಿಕೆಗಿಂತ ಜೀವ ದೊಡ್ಡದು.