ನಮ್ಮೂರಿಗೆ ಪ್ರತಿ ತಿಂಗಳೂ ಲಕ್ಕಿ ಸ್ಕೀಮ್ ಬಹುಮಾನ ಬರುತ್ತಿದೆ: ಹಾಗಾದರೆ ನಿಮಗೂ ಬರುತ್ತದೆಯೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಲಕ್ಕಿ ಸ್ಕೀಮ್ ಏನೆಂದು ಹೇಳಬೇಕಿಲ್ಲ. ತಿಂಗಳಿಗೆ 1000 ರೂಪಾಯಿ ಕಟ್ಟಬೇಕು. ಡ್ರಾದಲ್ಲಿ ಹೆಸರು ಬಂದರೆ ಬೈಕು, ಕಾರು, ಚಿನ್ನ. ಬಾರದಿದ್ದರೆ ಕೊನೆಗೆ ಕಟ್ಟಿದಷ್ಟು ವಾಪಸ್. ಡ್ರಾ ಮುಗಿದ ಮೇಲೆ ಕೀ ಹಿಡಿದು ನಿಂತವರ ಫೋಟೊ ವಾಟ್ಸಾಪ್‌ನಲ್ಲಿ ಓಡಾಡುತ್ತದೆ, "ಈ ಸಲವೂ ನಮ್ಮ ಬೆಳ್ತಂಗಡಿಗೆ" ಎಂಬ ಸಾಲಿನೊಂದಿಗೆ. ಫೋಟೊ ಸುಳ್ಳಾಗಿರಬೇಕೆಂದೇನೂ ಇಲ್ಲ. ಅದರಿಂದ ನಾವು ಕಟ್ಟುವ ಲೆಕ್ಕ ತಪ್ಪು.

ಉದಾಹರಣೆಗೆ 2000 ಸದಸ್ಯರ, 20 ತಿಂಗಳ ಸ್ಕೀಮ್ ಎಂದಿಟ್ಟುಕೊಳ್ಳಿ. ತಿಂಗಳಿಗೆ 10 ಬಹುಮಾನ, ಗೆದ್ದವರು ಮುಂದೆ ಕಟ್ಟಬೇಕಿಲ್ಲ. ಸದಸ್ಯರಲ್ಲಿ 300 ಮಂದಿ ಬೆಳ್ತಂಗಡಿಯವರು.

ಬೆಳ್ತಂಗಡಿಗೆ ಕನಿಷ್ಠ ಒಂದು ಬಹುಮಾನ ಬರುವ ಸಾಧ್ಯತೆ ಎಷ್ಟು? ಒಂದೂ ಬಾರದಿರುವುದನ್ನು ಮೊದಲು ಎಣಿಸಿದರೆ ಸುಲಭ. ಎತ್ತಿದ ಒಂದು ಚೀಟಿ ಬೇರೆ ಊರಿನದ್ದಾಗುವ ಸಾಧ್ಯತೆ 2000ಕ್ಕೆ 1700, ಅಂದರೆ 0.85. ಹತ್ತೂ ಚೀಟಿ ಹಾಗೇ ಆಗಬೇಕಾದರೆ 0.85 ಅನ್ನು ಹತ್ತು ಸಲ ಗುಣಿಸಬೇಕು. ಸಿಗುವುದು ಸುಮಾರು 0.20. ಉಳಿದದ್ದು ಶೇ. 80! ಊರಿಗೆ ಹೆಚ್ಚುಕಡಿಮೆ ಪ್ರತಿ ತಿಂಗಳೂ ಬಹುಮಾನ ಬರುವುದರಲ್ಲಿ ಯಾವ ಅದೃಷ್ಟವೂ ಇಲ್ಲ, ಬಾರದಿದ್ದರೇ ಆಶ್ಚರ್ಯ.

ನಿಮಗೆ? ಮೊದಲ ತಿಂಗಳು 200ಕ್ಕೆ 1. "ಗೆದ್ದವರು ಹೊರಗೆ ಹೋದರಲ್ಲ, ಈಗ ಚಾನ್ಸ್ ಜಾಸ್ತಿ" ಎನ್ನುತ್ತಾರೆ ಏಜೆಂಟರು. ಕೊನೆಯ ತಿಂಗಳಿನಲ್ಲೂ 1810 ಮಂದಿ ಉಳಿದಿರುತ್ತಾರೆ, ಅಂದರೆ 181ಕ್ಕೆ 1. ಇಪ್ಪತ್ತು ತಿಂಗಳಿಗೆ ಒಟ್ಟು 200 ಬಹುಮಾನ, 2000 ಮಂದಿ: ಹತ್ತರಲ್ಲಿ ಒಂಬತ್ತು ಜನರಿಗೆ ಏನೂ ಇಲ್ಲ. ಆ ಒಂಬತ್ತು ಜನರ ಫೋಟೊ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಇನ್ನು ದುಡ್ಡಿನ ಲೆಕ್ಕ. ಎಲ್ಲರೂ ತಪ್ಪದೆ ಕಟ್ಟಿದರೆ ಸಂಗ್ರಹವಾಗುವುದು 3.81 ಕೋಟಿ ರೂಪಾಯಿ. ಕೊನೆಗೆ 1800 ಮಂದಿಗೆ ತಲಾ 20,000ದಂತೆ 3.60 ಕೋಟಿ ಹಿಂದಿರುಗಿಸಬೇಕು. ಉಳಿಯುವುದು 21 ಲಕ್ಷ. ಬ್ಯಾಂಕ್ ಬಡ್ಡಿ ಸೇರಿಸಿದರೆ ಇನ್ನೊಂದು 20 ಲಕ್ಷದ ಆಸುಪಾಸು. ಇದರಲ್ಲೇ 200 ಬಹುಮಾನ, ಏಜೆಂಟರ ಕಮಿಷನ್, ಬ್ಯಾನರ್ ಎಲ್ಲವೂ ಆಗಬೇಕು. ತಿಂಗಳಿಗೊಂದು ಕಾರು ಕೊಟ್ಟರೆ ಈ ಹಣ ಎಲ್ಲಿಗೆ ಸಾಲುತ್ತದೆ? ಮುಂದಿನ ಸ್ಕೀಮ್‌ಗೆ ಸೇರಿದವರ ಕಂತಿಗೆ ಕೈಹಾಕಬೇಕು, ಇಲ್ಲವೇ ಬಾಗಿಲು ಹಾಕಬೇಕು.

ಇಂಥ ಬಹುಮಾನ ಚೀಟಿಗಳನ್ನು 1978ರ ಕೇಂದ್ರ ಕಾಯ್ದೆ ನಿಷೇಧಿಸಿದೆ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಚಿಟ್ ಫಂಡ್ ಬೇರೆ. ಅಲ್ಲಿ ಪ್ರತಿ ಸದಸ್ಯರಿಗೂ ಒಂದು ಸಲ ಚೀಟಿ ಹಣ ಸಿಗುತ್ತದೆ. ಏಜೆಂಟರು ಮನೆಗೆ ಬಂದರೆ ನೋಂದಣಿ ಸಂಖ್ಯೆ ಕೇಳಿ.