ಬ್ರೇಕ್ ಹಿಡಿದಾಗ ಲಿವರ್ ಕುಣಿಯುತ್ತಾ?

ಲಿಂಗರಾಜಪುರ ಫ್ಲೈಓವರ್ ಇಳಿಯುವಾಗ ಮುಂದಿನ ಬ್ರೇಕ್ ಹಿಡಿದರೆ ಸಾಕು, ಲಿವರ್ ನನ್ನ ಬೆರಳಿಗೆ ಟಕ್ ಟಕ್ ಅಂತ ತಟ್ಟುತ್ತಿತ್ತು. ವೇಗ ತಗ್ಗಿದಂತೆ ಆ ತಟ್ಟುವಿಕೆಯೂ ನಿಧಾನ. ಚಕ್ರದ ಸುತ್ತಿಗೆ ಸರಿಯಾಗಿ ತಾಳ ಹಾಕಿದ ಹಾಗೆ. ಅದೇ ಗುರುತು: ಡಿಸ್ಕ್ ಪ್ಲೇಟ್ ಎಲ್ಲೋ ಸೊಟ್ಟಗಾಗಿದೆ.

2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕ್‌ಗಳಿಗೆ ಎಬಿಎಸ್ ಕಡ್ಡಾಯ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಎಬಿಎಸ್ ಕೂಡ ಲಿವರ್ ನಡುಗಿಸುತ್ತೆ, ಅದು ಸಹಜ. ಮೆಲ್ಲಗೆ ಹಿಡಿದಾಗಲೂ ನಡುಗಿದರೆ ಮಾತ್ರ ಅನುಮಾನ ಪಡಿ.

ಮನೆಯಲ್ಲೇ ನೋಡಬಹುದು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಇನ್ನೊಬ್ಬರು ಹಿಂದೆ ಅದುಮಿ ಹಿಡಿದರೆ ಮುಂದಿನ ಚಕ್ರ ಮೇಲೇಳುತ್ತೆ. ಡಿಸ್ಕ್ ಪಕ್ಕ ಒಂದು ಬೆಂಕಿಕಡ್ಡಿ ಅಲ್ಲಾಡದ ಹಾಗೆ ಹಿಡಿದು ಚಕ್ರ ತಿರುಗಿಸಿ. ನಡುವಿನ ಸಂದು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿದರೆ ಡಿಸ್ಕ್ ಓಲಾಡ್ತಿದೆ ಅಂತ. ಗ್ಯಾರೇಜಿನಲ್ಲಾದರೆ ಡಯಲ್ ಗೇಜ್ ಇಟ್ಟು ಅಳೀತಾರೆ. ಬಹುತೇಕ ಬೈಕ್‌ಗಳಲ್ಲಿ 0.1ರಿಂದ 0.3 ಮಿ.ಮೀ. ತನಕವಷ್ಟೇ ಮಾಫಿ. ಹಾಗಂತ ಎಲ್ಲ ನಡುಕಕ್ಕೂ ಡಿಸ್ಕನ್ನೇ ಬೈಯಬೇಡಿ. ಸವೆದ ಚಕ್ರದ ಬೇರಿಂಗ್, ಸಡಿಲಾದ ಹ್ಯಾಂಡಲ್ ಬೇರಿಂಗ್, ಪ್ಯಾಡಿನ ಪುಡಿ ಡಿಸ್ಕ್ ಮೇಲೆ ಅಲ್ಲಲ್ಲಿ ಅಂಟಿರೋದು ಕೂಡ ಹೀಗೇ ಆಟ ಆಡಿಸುತ್ತವೆ.

‘ಸಾರ್, ಸುತ್ತಿಗೇಲಿ ಎರಡೇಟು ಹಾಕಿದ್ರೆ ನೇರ ಆಗುತ್ತೆ’ ಅಂದರು ಒಬ್ಬ ಮೆಕ್ಯಾನಿಕ್. ಇನ್ನೊಬ್ಬರು ಲೇತ್ ಹೊಡೆಸೋಣ ಅಂದರು. ನಾನು ಎರಡಕ್ಕೂ ಒಪ್ಪಲಿಲ್ಲ. ಡಿಸ್ಕ್ ಮೇಲೆ ‘ಮಿನ್ ಟಿಎಚ್’ ಅಂತ ಇಂಗ್ಲಿಷಿನಲ್ಲಿ ಕೊರೆದು ಪಕ್ಕದಲ್ಲಿ ಒಂದು ಅಂಕಿ ಇರುತ್ತೆ. ಅದಕ್ಕಿಂತ ತೆಳುವಾದ ಡಿಸ್ಕ್ ಓಡಿಸುವಂತಿಲ್ಲ. ಹೊಸದು 4 ಮಿ.ಮೀ. ಇದ್ದು ಮಿತಿ 3.5 ಅಂತಿದ್ದರೆ, ಇರುವ ಬಂಡವಾಳವೇ ಅರ್ಧ ಮಿ.ಮೀ. ಅದರಲ್ಲಿ ಸವೆದದ್ದು ಹೋಗಿ, ಲೇತ್ ಎರಡೂ ಕಡೆ ಕೆರೆದರೆ ಉಳಿಯೋದೇನು? ತೆಳು ಡಿಸ್ಕ್ ಬೇಗ ಕಾಯುತ್ತೆ, ಬೇಗ ಮತ್ತೆ ಸೊಟ್ಟಗಾಗುತ್ತೆ. ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕಿನದು. ಮಳೆಯಲ್ಲಿ ಬಸ್ಸಿನ ಹಿಂದೆ ಇದ್ದಾಗ ಉಳಿತಾಯದ ಲೆಕ್ಕ ನೆನಪಿಗೆ ಬರಲ್ಲ.

ಶಿವಾಜಿನಗರದ ಗುಜರಿಯಲ್ಲಿ ಹಳೇ ಡಿಸ್ಕ್ ಅಗ್ಗಕ್ಕೆ ಸಿಗಬಹುದು, ಆದರೆ ಅದು ಯಾವ ಅಪಘಾತದ ಗಾಡಿಯದೋ! ಹೊಸದನ್ನೇ ಹಾಕಿಸಿ, ಜೊತೆಗೆ ಹೊಸ ಪ್ಯಾಡ್. ಹಬ್ ಮೇಲಿನ ತುಕ್ಕು ಉಜ್ಜಿ ತೆಗೆಸಿ. ಬೋಲ್ಟ್‌ಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಸಲಿ. ಹಳೇದು ಯಾಕೆ ಸೊಟ್ಟಗಾಯಿತು ಅಂತಲೂ ಕೇಳಿ. ಕ್ಯಾಲಿಪರ್ ಪಿಸ್ಟನ್ ಜಾಮ್ ಆಗಿ ಪ್ಯಾಡ್ ಸದಾ ಉಜ್ಜುತ್ತಿದ್ದರೆ ಹೊಸ ಡಿಸ್ಕಿಗೂ ಅದೇ ಗತಿ. ಡಿಸ್ಕ್ ಲಾಕ್ ತೆಗೆಯದೆ ಗಾಡಿ ಮುಂದೆ ತಳ್ಳಿದರೂ ಪ್ಲೇಟ್ ಬಾಗುತ್ತೆ. ಲಾಕಿಗೂ ಹ್ಯಾಂಡಲ್‌ಗೂ ಸೇರಿಸಿ ಒಂದು ಬಣ್ಣದ ದಾರ ಕಟ್ಟಿಕೊಳ್ಳಿ. ಹೊಸ ಪ್ಯಾಡ್ ಕೂರುವ ತನಕ, ಮೊದಲ ಕೆಲವು ದಿನ, ಮುಂದಿನ ಗಾಡಿಯಿಂದ ಸ್ವಲ್ಪ ದೂರವೇ ಇರಿ.